ಪಕ್ಕದ ಮನೆಯವರ ಒಪ್ಪಿಗೆ

ನನ್ನ ಸೋದರಮಾವನ ಕತ್ತು ಎಡಕ್ಕೆ ವಾಲಿತ್ತು. ರಾಗಿ ಹೊಲ ಕಾಯುವಾಗ ಅಟ್ಟಣೆಯಿಂದ ಬಿದ್ದು ಹಾಗಾಗಿತ್ತು. ನೋಡಿದವರಿಗೆ ಅವನು ಯಾವಾಗಲೂ ಏನೋ ಕೇಳುತ್ತಿರುವಂತೆ ಕಾಣುತ್ತಿತ್ತು. ಕೇಳುತ್ತಲೂ ಇದ್ದ. ದಿಂಬಂ ಘಾಟಿಯಲ್ಲಿ ಬಸ್ಸು ನಿಂತರೆ ಎಲ್ಲರೂ ಟೀ ಕುಡಿಯುತ್ತಿದ್ದರು. ಮಾವ ಡ್ರೈವರನ ಹತ್ತಿರ ಹೋಗಿ, ತಿರುವಿನಲ್ಲಿ ಎದುರಾದರೆ ಹತ್ತುವ ಗಾಡಿ ನಿಲ್ಲಬೇಕೋ ಇಳಿಯುವ ಗಾಡಿಯೋ ಎಂದು ವಿಚಾರಿಸುತ್ತಿದ್ದ. ಅವನ ಟೀ ಆರಿಹೋಗುತ್ತಿತ್ತು. "ಕೇಳುದ್ರೆ ಬಾಯೇನ್ ಸವದೋದದಾ" ಎನ್ನುವುದು ಅವನ ಮಾತು.

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಯಾವ ಕೆಲಸವೂ ಅವನಿಲ್ಲದೆ ಶುರುವಾದದ್ದಿಲ್ಲ. ನಾನೂ ನನ್ನ ಗಂಡನೂ ಕೊಯಮತ್ತೂರಿನಲ್ಲಿ ಅಂಗೈಯಗಲದ ಸೈಟು ಕೊಂಡಾಗ, ಮನೆ ಕಟ್ಟುವ ಅನುಮತಿ ಕೇಳಲು ಜೊತೆಗಿರುತ್ತೇನೆಂದು ಬೆಟ್ಟದ ಮೇಲಿನ ನಮ್ಮೂರು ತಿಗನಾರೆಯಿಂದ ಬಂದ. ಪಕ್ಕದ ಮನೆಯ ಕಡೆ ಜಾಗ ಬಿಡಬೇಕೆಂಬುದು ನಿಯಮ. ನನಗೋ ಹೊಲಿಗೆ ಮಿಷನ್ನಿಗೆ ಒಂದು ಕೋಣೆ ಬೇಕೇ ಬೇಕು. ಪ್ಲಾನಿನಲ್ಲಿ ಬಿಟ್ಟ ಹಾಗೆ ತೋರಿಸಿ, ಆಮೇಲೆ ಅಲ್ಲೇ ಕೋಣೆ ಎಬ್ಬಿಸಿದರಾಯಿತು, ಇಡೀ ಬೀದಿ ಮಾಡಿದ್ದು ಅದನ್ನೇ ಎಂದು ಮೇಸ್ತ್ರಿ ಧೈರ್ಯ ಹೇಳಿದ್ದ.

ಆಫೀಸಿನಲ್ಲಿ ಮಾವ ತನ್ನ ಬೆಟ್ಟದ ತಮಿಳಿನಲ್ಲಿ ಅಧಿಕಾರಿಯನ್ನು ಕೇಳಿದ್ದು ಒಂದೇ: ಸ್ವಾಮಿಗಳ ಮನೆ ನಮ್ಮ ಸೈಟಿನ ಯಾವ ಪಕ್ಕಕ್ಕೆ? ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅವರು ನಕ್ಕು, ತಮ್ಮ ಮನೆ ಬೇರೆ ಊರಿನಲ್ಲಿದೆ ಎಂದರು. ಮಾವ ನಗಲಿಲ್ಲ.

"ಪಕ್ಕದಲ್ಲೇ ಇಲ್ದೋರ ಒಪ್ಗೆ ತಕಂಡು ಏನ್ ಮಾಡೀಯವ್ವ?" ಎಂದ, ಹೊರಗೆ ಬಂದು.

ನಮ್ಮೂರಿನ ಬೀದಿಯಲ್ಲಿ ಪಾಯ ತೆಗೆಯುವ ಮೊದಲು ಎರಡೂ ಪಕ್ಕದವರನ್ನು ಕರೆದು, ಗೋಡೆ ಎಲ್ಲಿ ಬರುತ್ತದೆ, ಸೂರಿನ ನೀರು ಎಲ್ಲಿ ಬೀಳುತ್ತದೆ ಎಂದು ಚೆಂಬಿನ ನೀರು ಹೊಯ್ದು ತೋರಿಸುತ್ತಾರೆ. ಅವರು ಆಗಲಿ ಎಂದ ಮೇಲೆಯೇ ಪಾಯದ ಗುರುತಿಗೆ ದಾರ ಹಿಡಿಯುವುದು.

ಅನುಮತಿ ಬಂದ ಮಾರನೆಯ ಬೆಳಿಗ್ಗೆ ಮಾವ ಚೆಂಬು ಹಿಡಿದು ಸೈಟಿನಲ್ಲಿ ನಿಂತಿದ್ದ. ಎಂದೂ ನಮ್ಮತ್ತ ನೋಡದ ಪಕ್ಕದ ಮನೆಯಾಕೆಯನ್ನು ಕೂಗಿ ಕರೆದ. ನನ್ನ ಕೋಣೆ ಬರಬೇಕಾದ ಜಾಗದಲ್ಲಿ ನೀರು ಹೊಯ್ದು, ಇಲ್ಲಿ ಗೋಡೆ ಬಂದರೆ ಆದೀತೇ ಎಂದು ಕೇಳಿಯೇಬಿಟ್ಟ. ಆಕೆ ತಮ್ಮ ಕಿಟಕಿ ತೋರಿಸಿದರು. ಒಳಗೆ ಅವರ ಗಂಡ ಹಾಸಿಗೆ ಹಿಡಿದಿದ್ದರು. ಆ ಕೋಣೆಗೆ ಬೆಳಕು ಬರುತ್ತಿದ್ದುದು ಅದೊಂದರಿಂದಲೇ.

ನನಗೆ ಮೈಯೆಲ್ಲ ಉರಿಯಿತು. ಯಾರೂ ಕೇಳದ್ದನ್ನು ನೀನೇಕೆ ಕೆದಕಿದೆ ಎಂದು ರೇಗಿದೆ.

"ಕೇಳ್ದೆ ಕಟ್ಬೋದು ಕಣವ್ವ. ಕೇಳುದ್ಮೇಲೆ ಕಟ್ಟಕ್ಕಾದದಾ?" ಎಂದ.

ಜಾಗ ಬಿಟ್ಟೆವು. ಮಿಷನ್ನು ಇಂದಿಗೂ ಅಡುಗೆಮನೆಯಲ್ಲಿದೆ. ನಾನು ಹೊಲಿದ ರವಿಕೆಗೆ ಒಗ್ಗರಣೆಯ ವಾಸನೆ ಎಂದು ನನ್ನ ಗಂಡ ಛೇಡಿಸುತ್ತಾರೆ.

ಹೋದ ವರ್ಷ ಮಾವ ತೀರಿಕೊಂಡ. ನಾವು ಬೀಗ ಹಾಕಿ ಓಡಿದ್ದನ್ನು ಕಂಡು, ಯಾರನ್ನೋ ವಿಚಾರಿಸಿ, ಪಕ್ಕದ ಮನೆಯಾಕೆ ಮುಂದಿನ ಬಸ್ಸಿನಲ್ಲೇ ತಿಗನಾರೆಗೆ ಮಣ್ಣಿಗೆ ಬಂದರು. ಘಾಟಿಯಲ್ಲಿ ವಾಂತಿಯಾಗಿ ಮುಖ ಬಾಡಿತ್ತು. ಗಂಡನನ್ನು ಬಿಟ್ಟು ಇಷ್ಟು ದೂರ ಯಾಕೆ ಬಂದಿರಿ ಎಂದೆ.

"ನಮ್ಮ ಸುತ್ತ ಎಷ್ಟು ಮನೆ ಎದ್ದವು. ನಮ್ಮನ್ನು ಒಂದು ಮಾತು ಕೇಳಿದವರು ಇವರೊಬ್ಬರೇ," ಎಂದು ತಮಿಳಿನಲ್ಲಿ ಹೇಳಿ ಮಾವನ ಪಾದ ಮುಟ್ಟಿದರು.

ಬೆಳಗಿನಿಂದ ಬಾರದಿದ್ದ ಅಳು ನನಗೆ ಆಗ ಬಂತು.