ಬಿಲ್ಲಿನ ಪಾಲಿಶ್, ಅತ್ತೆಯ ಹಿಮ್ಮಡಿ

ಡಬ್ಬಿ ತೆರೆದರೆ ತಳ ಕಾಣುತ್ತಿತ್ತು. ಮರುದಿನ ಬಿಲ್ಲುಗಾರಿಕೆ ಸ್ಪರ್ಧೆ. ನನ್ನ ಮರದ ಬಿಲ್ಲಿಗೆ ಹಚ್ಚಲೆಂದು ಅಗಸೆ ಎಣ್ಣೆಯಲ್ಲಿ ಜೇನುಮೇಣ ಕರಗಿಸಿ ನಾನೇ ಮಾಡಿಟ್ಟಿದ್ದ ಪಾಲಿಶ್ ಅದು.

"ಅತ್ತೆ, ಇದರಲ್ಲಿದ್ದದ್ದು ಎಲ್ಲಿ ಹೋಯ್ತು?" ಎಂದೆ.

ಗದಗದಿಂದ ನಮ್ಮ ವಿಜಯನಗರದ ಮನೆಗೆ ಬಂದಿದ್ದ ಅತ್ತೆ ಸೀರೆ ತುಸು ಎತ್ತಿ ಕಾಲು ಚಾಚಿದರು. "ಅದು ಬಿಲ್ಲಿಗೆ ಹಚ್ಚೋದಿತ್ತೇನವಾ? ನೋಡಿಲ್ಲಿ, ನನ್ನ ಹಿಮ್ಮಡಿ ಒಡಕೆಲ್ಲ ಮುಚ್ಯಾವ."

ಬರುತ್ತಿದ್ದ ಸಿಟ್ಟು ಆ ನುಣುಪಾದ ಹಿಮ್ಮಡಿ ಕಂಡು ನಗುವಾಯಿತು. ಸಂಜೆ ಅವರೇ ಒಲೆ ಮುಂದೆ ನಿಂತು ಹೊಸದಾಗಿ ಕಾಯಿಸಿ ಆರಿಸಿದರು. ಆಮೇಲೆ ಬಿಲ್ಲನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕೂಸಿಗೆ ಎಣ್ಣೆ ತಿಕ್ಕಿದಂತೆ ತಿಕ್ಕಿದರು.

ಸ್ಪರ್ಧೆಯಲ್ಲಿ ನಾನು ಗೆಲ್ಲಲಿಲ್ಲ. ಬಿಲ್ಲಿನ ಹೊಳಪನ್ನು ಮಾತ್ರ ಎಲ್ಲರೂ ಹೊಗಳಿದರು. ಈಗ ಪಾಲಿಶ್ ಕಾಯಿಸಿದಾಗಲೆಲ್ಲ ಎರಡು ಡಬ್ಬಿ ತುಂಬಿಸುತ್ತೇನೆ. ದೊಡ್ಡದು ಬಿಲ್ಲಿನದಲ್ಲ.