ಕೇಳದೇ ಬಿಟ್ಟ ಷರತ್ತು

ಗಿರಿಜಾ, ಕಂಪನಿಯವರು ಒಪ್ಪಲಿಲ್ಲ ಎಂದು ನಾನು ನಿಮಗೆಲ್ಲ ಹೇಳಿದ್ದು ಸುಳ್ಳು. ನಾನು ಅವರನ್ನು ಕೇಳಲೇ ಇಲ್ಲ.

ಹ್ಯೂಸ್ಟನ್ನಿನ ನಮ್ಮ ಕ್ಲಿನಿಕ್ಕುಗಳನ್ನು ಕಂಪನಿಯೊಂದು ಕೊಂಡು, ಎಷ್ಟು ರೋಗಿಗಳನ್ನು ನೋಡಿದರೆ ಅಷ್ಟು ಸಂಬಳ ಎಂಬ ಹೊಸ ಒಪ್ಪಂದ ತಂದಾಗ, ಫ್ಯಾಮಿಲಿ ಡಾಕ್ಟರುಗಳೆಲ್ಲ ಸೇರಿ ಮಾತುಕತೆಗೆ ನನ್ನನ್ನು ಕಳಿಸಿದಿರಿ — ನಾನು ಮೃದುವಾಗಿ ಮಾತಾಡುತ್ತೇನಂತೆ! ಉಳಿದವರದು ನೂರೆಂಟು ಬೇಡಿಕೆ. ಸ್ಟಾಫರ್ಡ್ ಕ್ಲಿನಿಕ್ಕಿನಲ್ಲಿದ್ದ ನಿಮ್ಮದು ಒಂದೇ: ವಯಸ್ಸಾದವರ ಹತ್ತಿರ ಹೆಚ್ಚು ಹೊತ್ತು ಕೂತರೆ ಡಾಕ್ಟರ ಸಂಬಳ ಕತ್ತರಿಸಬಾರದು. ಮಂಡಿನೋವೆಂದು ಬಂದ ಅಜ್ಜಿ ಎದೆನೋವಿನ ವಿಷಯವನ್ನು ಎದ್ದು ಹೋಗುವಾಗ ಹೇಳುತ್ತಾಳೆ, ಅಲ್ಲಿಯವರೆಗೆ ಕಾಯಬೇಕಲ್ಲ ಎಂದಿದ್ದಿರಿ.

ನಾನು ಮಾಡಿದ್ದೇನು? ಕಂಪನಿಯ ಮ್ಯಾನೇಜರನ್ನು ಗೌರಿ ಹಬ್ಬದ ಊಟಕ್ಕೆ ಕರೆದೆ. ಮನೆಗೆ ಕರೆದು ಬಡಿಸಿದರೆ ಮನಸ್ಸು ಕರಗುತ್ತದೆಂಬ ನಮ್ಮ ಮೈಸೂರು ಲೆಕ್ಕಾಚಾರ. ಅವರು ಕೈಯಲ್ಲೇ ತಿಂದರು, ಒಬ್ಬಟ್ಟಿಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡರು. ಕಾರು ಹತ್ತುವ ಮುನ್ನ, ಒಪ್ಪಂದದಲ್ಲಿ ಇನ್ನೇನಾದರೂ ಬದಲಿಸಬೇಕೇ ಎಂದರು. ಅವರೇ ಕೇಳಿದರು, ಗಿರಿಜಾ! ಉಂಡು ಹೊರಟ ಅತಿಥಿಯನ್ನು ಬಾಗಿಲಲ್ಲಿ ನಿಲ್ಲಿಸಿ ವ್ಯವಹಾರ ಮಾತಾಡುವುದೇ — ಛೆ, ಅನ್ನಿಸಿತು. ಅಥವಾ ಒಳ್ಳೆಯವನೆನ್ನಿಸಿಕೊಳ್ಳುವ ಚಪಲವೋ... ಏನೂ ಇಲ್ಲ ಎಂದುಬಿಟ್ಟೆ. ಆಮೇಲೆ ಆಫೀಸಿಗೇ ಹೋಗಿ ಕೇಳಬಹುದಿತ್ತು. ಯಾವ ಮುಖ ಇಟ್ಟುಕೊಂಡು ಹೋಗುವುದೆಂದು ಸುಮ್ಮನಾದೆ.

ನಿಮ್ಮೆದುರು ಎರಡೇ ಮಾತು ಹೇಳಿದೆ.

"ಕೇಳಿದೆ. ಒಪ್ಪಲಿಲ್ಲ."

ನೀವು ಒಂದಿಷ್ಟು ದಿನ ಹೆಣಗಾಡಿದಿರಿ. ಅಜ್ಜಿಯಂದಿರ ಮಾತನ್ನು ಅರ್ಧಕ್ಕೆ ತಡೆಯಲು ನಿಮ್ಮಿಂದಾಗಲಿಲ್ಲ. ಸಂಬಳ ಇಳಿಯುತ್ತಾ ಹೋಗಿ, ಕ್ಲಿನಿಕ್ಕನ್ನೇ ಬಿಟ್ಟು ಡಲ್ಲಾಸಿನ ತುರ್ತು ಚಿಕಿತ್ಸಾಲಯ ಸೇರಿದಿರಿ — ಅಲ್ಲಿ ಒಮ್ಮೆ ಬಂದ ರೋಗಿ ಮತ್ತೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಅಜ್ಜಿಯಂದಿರು ಈಗ ನನ್ನ ಹತ್ತಿರ ಬರುತ್ತಾರೆ. ಅವರು ಎದ್ದು ನಿಲ್ಲುವಷ್ಟರಲ್ಲಿ ನಾನು ಮುಂದಿನ ರೋಗಿಯ ಕೋಣೆಯಲ್ಲಿರುತ್ತೇನೆ. ಎಷ್ಟು ಜನ ಬಾಗಿಲ ಬಳಿ ಏನೋ ಹೇಳಲು ಹೊರಟಿದ್ದರೋ, ನನಗೆ ಗೊತ್ತಿಲ್ಲ. ಒಪ್ಪಂದ ಹೊಸದಾಗುವಾಗಲೆಲ್ಲ ಯಾರಾದರೂ ಆ ಷರತ್ತಿನ ಮಾತೆತ್ತುತ್ತಾರೆ. ಒಮ್ಮೆ ಕೇಳಿ ಆಗಿದೆ, ಕೊಡುವುದಿಲ್ಲವಂತೆ ಎಂದು ಉಳಿದವರೇ ಬಾಯಿ ಮುಚ್ಚಿಸುತ್ತಾರೆ. ನನ್ನ ಸುಳ್ಳು ಇಲ್ಲಿ ಕಾಯಿದೆಯಾಗಿ ಕೂತಿದೆ.

ಹೋದ ತಿಂಗಳು ಆಸ್ಟಿನ್ನಿನಲ್ಲಿ ನಡೆದ ಮದುವೆಯೊಂದರಲ್ಲಿ, ಒಪ್ಪಂದ ಮಾಡಿಕೊಂಡು ಬಂದವರನ್ನು ಚಿಕ್ಕ ವಯಸ್ಸಿನ ಡಾಕ್ಟರೊಬ್ಬ ಕಂಪನಿಗೆ ಮಾರಿಕೊಂಡವರು ಎಂದು ಬೈದ. ನಾನು ಪಕ್ಕದಲ್ಲೇ ಕೂತಿದ್ದೆ. ನೀವು ಅವನನ್ನು ತಡೆದಿರಿ.

"ಹಂಗ ಅನಬ್ಯಾಡ ತಮ್ಮಾ. ಇವರು ನಮ್ಮ ಸಲುವಾಗಿ ಕೇಳ್ಯಾರ. ಕಂಪನಿಯವರು ಕೊಡಲಿಲ್ಲ ಅಂದ್ರ ಇವರೇನ್ ಮಾಡಬೇಕು?"

ನಾನು ಹೌದೆಂದು ತಲೆಯಾಡಿಸಿದೆ. ನಾಚಿಕೆಗೆಟ್ಟವನು, ತಲೆಯಾಡಿಸಿದೆ.

ಕ್ಷಮೆ ಕೇಳುತ್ತಿಲ್ಲ. ನಿಮ್ಮ ಕ್ಲಿನಿಕ್ಕು ಇನ್ನು ನಿಮಗೆ ಸಿಗುವುದಿಲ್ಲ, ಆ ಷರತ್ತೂ ಸಿಗುವುದಿಲ್ಲ, ಬಲ್ಲೆ. ಒಂದನ್ನು ಮಾತ್ರ ನಿಲ್ಲಿಸಿ, ಗಿರಿಜಾ — ಯಾರೆದುರೂ ನನ್ನ ಪರವಾಗಿ ಮಾತಾಡಬೇಡಿ.