ಬಲಗಡೆ ಅಂದುಬಿಟ್ಟೆ

ಮೊನ್ನೆ ಶನಿವಾರ ಮಗಳಿಗೆ ಶೂ ತರಲೆಂದು ಟಕ್ವಿಲಾದ ಮಾಲ್‌ಗೆ ಹೋಗಿದ್ದೆವು. ವಾಪಸು ಬರುವಾಗ ಹತ್ತಿರದಲ್ಲೇ ಹೊಸದಾಗಿ ತೆರೆದ ದಿನಸಿ ಅಂಗಡಿಯೊಂದಕ್ಕೆ ನುಗ್ಗಿದೆ. ಆಲಿವ್ ಎಣ್ಣೆ, ಖರ್ಜೂರ, ಒಣ ಅಂಜೂರ ಸಿಗುವಂಥ ಅಂಗಡಿ. ಕೌಂಟರಿನವನು ರುಚಿ ನೋಡಿ ಎಂದು ಬಿಳಿ ಮಿಠಾಯಿಯ ಡಬ್ಬಿಯೊಂದರ ಮುಚ್ಚಳ ತೆಗೆದ. ಸಾಂಬ್ರಾಣಿಯೂ ಅಲ್ಲ, ಕರ್ಪೂರವೂ ಅಲ್ಲ, ಎರಡರ ನಡುವಿನ ಒಂದು ತಂಪು ವಾಸನೆ... ಮಿಠಾಯಿಗೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಮಗಳು "ಮಾಮ್, ಆರ್ ಯೂ ಓಕೆ?" ಎಂದಳು. ತುಂಬಿದ್ದ ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಕಾರಿನಲ್ಲಿ ಕೂತೆ.

ಆ ವಾಸನೆ ಒಂದು ಜಾತಿಯ ಗಿಡದ ಅಂಟಿನದು. ಗ್ರೀಸಿನ ಒಂದು ದ್ವೀಪದಲ್ಲಿ ಆ ಗಿಡಗಳಿವೆ. ಕಾಂಡಕ್ಕೆ ಗೀರು ಹಾಕಿದರೆ ಹನಿಹನಿಯಾಗಿ ಒಸರುತ್ತದೆ. ಇದನ್ನು ನನಗೆ ಹೇಳಿದವರು ಇಲ್ಲಿ ಅಮೆರಿಕದಲ್ಲಿ, ಶೋರ್‌ಲೈನಿನಲ್ಲಿ, ನಮ್ಮ ಪಕ್ಕದ ಮನೆಯಲ್ಲಿದ್ದ ಗ್ರೀಕ್ ಅಜ್ಜಿ. ಅವರಿಗೊಂದು ಉದ್ದನೆಯ ಹೆಸರಿತ್ತು. ಮಗಳು ಎರಡು ವರ್ಷದವಳಿದ್ದಾಗ ಬೇಲಿ ಸಂದಿಯಿಂದ "ಅಜ್ಜೀ" ಎಂದು ಕೂಗಿದಳು, ಅವರು ಓಗೊಟ್ಟರು, ಅಂದಿನಿಂದ ನಮ್ಮ ಮನೆಗೆಲ್ಲ ಅವರು ಅಜ್ಜಿಯೇ. ನಾನು ಚಟ್ನಿಪುಡಿ ಕೊಟ್ಟರೆ ಆಲಿವ್ ಎಣ್ಣೆಯಲ್ಲಿ ಕಲಸಿ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದು, ಕಣ್ಣು ಮೂಗು ಒರೆಸಿಕೊಳ್ಳುತ್ತ ಇನ್ನಷ್ಟು ಕೊಡು ಎನ್ನುತ್ತಿದ್ದರು. ನಾವಿಬ್ಬರೂ ಆಡುತ್ತಿದ್ದುದು ಹರುಕುಮುರುಕು ಇಂಗ್ಲಿಷ್. ನೆನಪಿನಲ್ಲಿ ಮಾತ್ರ ಅವರ ಮಾತೆಲ್ಲ ಕನ್ನಡದಲ್ಲೇ ಕೇಳಿಸುತ್ತದೆ.

ಅಜ್ಜಿಯ ಗಂಡ ತೀರಿಕೊಂಡಾಗ ಅಜ್ಜಿ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು. ಇರುವವನೊಬ್ಬನೇ ಮಗ, ಅರ್ಧ ಗಂಟೆ ದೂರದ ಮಿಲ್ ಕ್ರೀಕಿನಲ್ಲಿ ಮನೆ. ಕೆಟ್ಟವನೇನಲ್ಲ, ಅವಸರದವನು. ತಾಯಿಯನ್ನು ಕೇಳದೆ ದಹನ ಮಾಡಿಸಿದ. ಅಪ್ಪನಿಗೆ ಬೆಟ್ಟವೆಂದರೆ ಇಷ್ಟ ಎಂದು ಬೂದಿಯನ್ನು ಬೆಟ್ಟದ ಮೇಲೆ ಗಾಳಿಗೆ ತೂರಲು ಹೊರಟ. ಅಜ್ಜಿ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದರ ಹಿಂದಿನ ದಿನ. ಜೊತೆಗೆ ಉಳಿದಿದ್ದ ಅವನು ಸ್ನಾನಕ್ಕೆ ಹೋದಾಗ ಒಂದು ಹಿಡಿ ಬೂದಿ ಕದ್ದು, ಊರಿನಿಂದ ತಂದಿದ್ದ ಅಂಟಿನ ಹಳೆಯ ತಗಡಿನ ಡಬ್ಬಿಗೆ ಹಾಕಿಟ್ಟುಕೊಂಡರು. ಅವರ ಮತದಲ್ಲಿ ಸುಡುವುದಿಲ್ಲ, ಹೂಳುತ್ತಾರೆ. "ನಾವೆಲ್ಲ ಸುಡಿಸಿಕೊಳ್ಳುವವರೇ ಅಜ್ಜಿ, ಏನೂ ಆಗಲ್ಲ" ಎಂದು ನಾನು ಸಮಾಧಾನ ಹೇಳಿದೆ. "ನಿಮಗೆ ಅಭ್ಯಾಸ ಇದೆ" ಎಂದರು ಅಜ್ಜಿ, ಅಳುತ್ತಲೇ. ನನಗೆ ನಗು ಬಂದುಬಿಟ್ಟಿತ್ತು.

ನಾಲ್ಕು ವರ್ಷದ ಹಿಂದೆ ನಾವು ಗ್ರೀಸಿಗೆ ರಜೆಗೆ ಹೋಗುತ್ತೇವೆಂದು ತಿಳಿದ ದಿನವೇ ಅಜ್ಜಿ ವಾಕರ್ ತಳ್ಳಿಕೊಂಡು ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಆ ಡಬ್ಬಿ. ಅವರ ಊರು ಆ ಅಂಟಿನ ದ್ವೀಪದಲ್ಲೇ, ನಾವು ಉಳಿಯಲಿದ್ದ ಹೋಟೆಲಿನಿಂದ ಒಂದು ಗಂಟೆಯ ದಾರಿ. ಊರ ಹೊರಗಿನ ಸ್ಮಶಾನದಲ್ಲಿ ಅವರ ಅತ್ತೆಯ, ಅಂದರೆ ಗಂಡನ ತಾಯಿಯ, ಸಮಾಧಿಯಿದೆ. ಅದರ ಪಕ್ಕದ ಮಣ್ಣಿನಲ್ಲಿ ಒಂದು ಗೇಣು ಅಗೆದು ಇದನ್ನು ಹಾಕಿ ಮುಚ್ಚಬೇಕು. ಸುಟ್ಟವರಿಗೆ ಅಲ್ಲಿ ಜಾಗ ಕೊಡುವುದಿಲ್ಲ, ಆದ್ದರಿಂದ ಪಾದ್ರಿಗೆ ಗೊತ್ತಾಗಬಾರದು. ಹೇಗೆ ಅಗೆಯಬೇಕೆಂದು ನಮ್ಮದೇ ಅಂಗಳದ ಹೂವಿನ ಪಾತಿಯಲ್ಲಿ ಚಮಚದಿಂದ ಅಗೆದು ತೋರಿಸಿದರು. ಬಗ್ಗಲಾರದ ಸೊಂಟ ಹಿಡಿದುಕೊಂಡು.

"ಇಷ್ಟೇ ಉಳಿದಿರೋದು ಮಗೂ. ಇವನು ಅವನಮ್ಮನ ಪಕ್ಕದಲ್ಲಿ ಮಣ್ಣು ಸೇರಬೇಕು. ನನ್ನ ಕೈಲಿ ಆಗಲ್ಲ, ನನ್ನ ಮಗನ್ನ ಕೇಳಲಾರೆ. ನೀನು ಬಿಟ್ರೆ ನಂಗ್ಯಾರಿದಾರೆ ಹೇಳು..."

ಒಪ್ಪಿಕೊಂಡೆ. ಆದರೆ ಡಬ್ಬಿಯನ್ನು ಮನೆಯೊಳಗೆ ತರಲಿಲ್ಲ. ಮೈಲಿಗೆ. ಗ್ಯಾರೇಜಿನಲ್ಲಿ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು, ತಲೆಗೆ ಸ್ನಾನ ಮಾಡಿ ಬಂದೆ. ನನ್ನ ಯಜಮಾನರು ಹುಬ್ಬಳ್ಳಿಯವರು, ಇಂಥದಕ್ಕೆಲ್ಲ ತಲೆಕೆಡಿಸಿಕೊಳ್ಳುವುದಿಲ್ಲ. "ಯಾರದೋ ಗಂಡನ್ನ ಚಪ್ಪಲಿ ಸಂಗಾಟ ಇಟ್ಟೀಯಲ್ಲಲೇ" ಎಂದು ರೇಗಿಸಿದರು. ಇಂದು ಆ ಮಾತು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಅಜ್ಜಿಯ ಊರು... ಅಂಥ ಸದ್ದಿಲ್ಲದ ಊರನ್ನು ನಾನು ಮೊದಲು ಕಂಡಿರಲಿಲ್ಲ. ಊರಿಗೆ ಊರೇ ಒಂದು ಕೋಟೆ. ನೂರಾರು ವರ್ಷಗಳ ಹಿಂದೆ ಕಡಲುಗಳ್ಳರಿಗೆ ಹೆದರಿ, ಮನೆಗೆ ಮನೆ ಅಂಟಿಸಿ ಕಟ್ಟಿದ್ದರಂತೆ. ಕೊನೆಯ ಸಾಲಿನ ಮನೆಗಳ ಹಿಂಗೋಡೆಯೇ ಕೋಟೆಯ ಗೋಡೆ. ಓಣಿಗಳ ಮೇಲೆಲ್ಲ ಕಲ್ಲಿನ ಕಮಾನು, ಮಧ್ಯಾಹ್ನ ಹನ್ನೆರಡಕ್ಕೂ ಒಳಗೆ ತಣ್ಣನೆಯ ನೆರಳು. ಒಂದು ಬಾಗಿಲಲ್ಲಿ ಬೆಕ್ಕು, ಇನ್ನೊಂದು ಬಾಗಿಲಲ್ಲಿ ಕಪ್ಪು ಬಟ್ಟೆಯ ಮುದುಕಿಯೊಬ್ಬಳು ಗಿಡದಿಂದ ಇಳಿಸಿದ ಅಂಟನ್ನು, ನಾವು ಅಕ್ಕಿ ಆರಿಸುವ ಹಾಗೆ, ಮೊರದಲ್ಲಿ ಆರಿಸುತ್ತಿದ್ದಳು. ಹೊರಗೋಡೆಗೆ ಒಂದೇ ಒಂದು ಕಿಟಕಿಯಿರಲಿಲ್ಲ. ಸಮುದ್ರ ಅಲ್ಲಿಂದ ಹತ್ತೇ ನಿಮಿಷದ ಡ್ರೈವ್, ಊರು ಮಾತ್ರ ಅದಕ್ಕೆ ಬೆನ್ನು ಹಾಕಿ ಕೂತಿತ್ತು. ಅದನ್ನು ನೋಡಿಯಾದರೂ ನನಗೆ ಬುದ್ಧಿ ಬರಬೇಕಿತ್ತು.

ಅಜ್ಜಿ ಹೇಳಿದ ಗುರುತಿನಂತೆ ಅತ್ತೆಯ ಸಮಾಧಿ ಸಿಕ್ಕಿತು. ಬಿಳಿ ಕಲ್ಲು, ತಲೆಯ ಕಡೆ ಗಾಜಿನ ಹಿಂದೆ ಒಂದು ಮುಖದ ಫೋಟೋ, ಗಂಟು ಮುಖ. ಮಂಡಿಯೂರಿ ಚಮಚ ತೆಗೆದೆ. ನಾಲ್ಕು ಚಮಚ ಮಣ್ಣು ತೆಗೆದಿದ್ದೆನೋ ಇಲ್ಲವೋ, ಹಿಂದಿನಿಂದ ಒಬ್ಬ ಹೆಂಗಸು ಜೋರಾಗಿ ಏನೋ ಕೇಳಿದಳು. ಕೈಯಲ್ಲಿ ನೀರಿನ ಕ್ಯಾನು. ಡಬ್ಬಿಯತ್ತ ಬೆರಳು ಮಾಡಿ ಮತ್ತೆ ಕೇಳಿದಳು. ಮಣ್ಣನ್ನು ಅಂಗೈಯಿಂದ ಒತ್ತಿ, ಡಬ್ಬಿಯನ್ನು ಎದೆಗವಚಿಕೊಂಡು ಕಳ್ಳಿಯ ಹಾಗೆ ಓಡಿ ಬಂದು ಕಾರು ಹತ್ತಿದೆ.

"ಒಂದ್ ತಾಸು ಬಿಟ್ಟು ಮತ್ತ ಹೋಗೂಣು" ಎಂದರು ಇವರು. "ಅವ್ರು ಮಣ್ಣಿಗೆ ಅಂದಾರ, ಮಣ್ಣಿಗೇ ಹಾಕೂಣು. ನಾಳಿ ಮಧ್ಯಾಹ್ನದ ತನಕಾ ಟೈಮ್ ಐತಿ."

ಸಮಯವಿತ್ತು. ಇದನ್ನು ನಾನು ಯಾರ ಮುಂದೆಯೂ ಮುಚ್ಚಿಡುವುದಿಲ್ಲ. ನಾನೇ ಸಮುದ್ರದ ಕಡೆ ಹೋಗೋಣ ಎಂದೆ. ಆ ಹೆಂಗಸಿನ ಭಯ ಅರ್ಧ. ಇನ್ನರ್ಧ ಏನೆಂದರೆ, ಬೂದಿಯನ್ನು ನೀರಿಗೆ ಬಿಡದೆ ಮಣ್ಣಿಗೆ ತುರುಕುವುದು ಮೊದಲಿನಿಂದಲೂ ನನ್ನ ಮನಸ್ಸಿಗೆ ಒಗ್ಗಿರಲಿಲ್ಲ. ಪಾಪ, ಆ ಅಜ್ಜಿಗೆ ಗೊತ್ತಿಲ್ಲ, ನಾವಾದರೂ ಸರಿಯಾದ ದಾರಿ ಕಾಣಿಸೋಣ ಅಂದುಕೊಂಡೆ. ಎಂಥ ಕೊಬ್ಬು ನೋಡಿ!

ದಡದಲ್ಲಿ ಕೂತು ಮುಚ್ಚಳ ತೆಗೆದಾಗ ಆ ಅಂಟಿನ ವಾಸನೆ ಎದ್ದಿತು, ದೇವರ ಕೋಣೆಯದೇ ವಾಸನೆ. ನನ್ನ ಅಪ್ಪ ಹೋದಾಗ ವೀಸಾ ತೊಡಕಿನಲ್ಲಿ ನಾನು ಮೈಸೂರಿಗೆ ಹೋಗಲಾಗಿರಲಿಲ್ಲ. ಅಣ್ಣ ಶ್ರೀರಂಗಪಟ್ಟಣದಲ್ಲಿ ಅಸ್ಥಿ ಬಿಡುವುದನ್ನು ಫೋನಿನಲ್ಲಿ ನೋಡುತ್ತ ಕೂತಿದ್ದೆ, ಮಡಕೆ ನೀರಿಗೆ ಬಾಗುವ ಹೊತ್ತಿಗೆ ಚಿತ್ರ ನಿಂತುಹೋಗಿತ್ತು. ಅಂದು ಆ ಪರದೇಶದ ನೀರಿನಲ್ಲಿ ಮೊಣಕಾಲುದ್ದ ಇಳಿದು, ಬಲಗೈಯಲ್ಲಿ ಬೂದಿ ಹಿಡಿದು, ಅಪ್ಪನ ಗೋತ್ರ ಹೇಳಿದೆ, ಅಪ್ಪನ ಹೆಸರು ಹೇಳಿದೆ. ಬಿಕ್ಕಿ ಬಿಕ್ಕಿ ಅತ್ತೆ, ಹಗುರಾಗುವಷ್ಟು ಅತ್ತೆ. ಅಜ್ಜಿಯ ಗಂಡನ ಹೆಸರು ಬಾಯಿಗೇ ಬರಲಿಲ್ಲ. ಖಾಲಿ ಡಬ್ಬಿಯನ್ನೂ ಬಿಟ್ಟುಬಿಟ್ಟೆ.

ಇವರು ಕಾರಿಗೆ ಒರಗಿ ನಿಂತಿದ್ದರು. ನಾನು ಬಂದ ಮೇಲೆ ಕಾರು ಹೊರಡಿಸಿದರು.

ಶೋರ್‌ಲೈನಿಗೆ ಬಂದು ಟ್ಯಾಕ್ಸಿ ಇಳಿಯುವಾಗಲೇ ಅಜ್ಜಿ ಅಂಗಳದಲ್ಲಿ ವಾಕರ್ ಹಿಡಿದು ನಿಂತಿದ್ದರು. ಆಯಿತಾ ಎಂದರು. ಹೂಂ ಎಂದೆ. ಅತ್ತೆಯ ಕಲ್ಲಿನ ಯಾವ ಕಡೆ ಎಂದರು. ಅಷ್ಟೇ ಹೊತ್ತು ಇದ್ದದ್ದು ನನಗೆ, ಒಂದು ಉಸಿರಿನಷ್ಟು. ಬಲಗಡೆ ಅಂದುಬಿಟ್ಟೆ. ಅಜ್ಜಿ ನನ್ನ ಎರಡೂ ಕೈ ಹಿಡಿದು ಅಂಗೈಗೆ ಮುತ್ತಿಟ್ಟರು, ಹಣೆಗೆ ಒತ್ತಿಕೊಂಡರು. ಆಮೇಲೆ, ಅದುವರೆಗೆ ಎಂದೂ ಹೇಳದ ಕಥೆಯನ್ನು ಅಲ್ಲೇ ನಿಂತು ಹೇಳಿದರು. ಗಂಡನಿಗೆ ಒಬ್ಬ ಅಣ್ಣನಿದ್ದ. ಇಪ್ಪತ್ತರ ವಯಸ್ಸಿನಲ್ಲಿ ದೋಣಿ ಮುಳುಗಿ ಸತ್ತ, ಹೆಣ ಸಿಗಲಿಲ್ಲ. ಅತ್ತೆ ಆಮೇಲೆ ಬದುಕಿದ್ದಷ್ಟು ದಿನ ಮೀನು ಮುಟ್ಟಲಿಲ್ಲ, ಸಮುದ್ರದ ಕಡೆ ಮುಖ ಮಾಡಲಿಲ್ಲ. ಕಿರಿಯವನು ಅಮೆರಿಕಕ್ಕೆ ಹೊರಟಾಗ ಆ ತಾಯಿ ಒಂದೇ ಮಾತು ಕೇಳಿದ್ದಳಂತೆ: ನೀನಾದರೂ ನನ್ನ ಮಣ್ಣಿಗೆ ಬಾ, ನೀರಿಗೆ ಹೋಗಬೇಡ.

"ಬಂದ ನೋಡು" ಎಂದರು ಅಜ್ಜಿ. "ನೀನು ಮುಟ್ಟಿಸಿದೆ."

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆ ತಾಯಿಯ ಎರಡನೆಯ ಮಗನನ್ನೂ ಸಮುದ್ರಕ್ಕೆ ಕೊಟ್ಟು ಬಂದಿದ್ದೆ, ನನ್ನದೇ ಕೈಯಿಂದ, ನನ್ನಪ್ಪನ ಗೋತ್ರ ಹೇಳಿ. ಎಷ್ಟೋ ದಿನ ಅಜ್ಜಿಯ ಮೇಲೇ ಸಿಟ್ಟು ಬರುತ್ತಿತ್ತು. ಮೊದಲೇ ಹೇಳಲು ಏನಾಗಿತ್ತು ಈ ಮುದುಕಿಗೆ ಎಂದು ಪಾತ್ರೆ ಕುಕ್ಕುತ್ತಿದ್ದೆ. ಮಣ್ಣಿಗೆ ಹಾಕು ಎಂದು ಬಾಯಿಬಿಟ್ಟು ಹೇಳಿದ್ದರಲ್ಲ, ಅದಕ್ಕಿಂತ ಇನ್ನೇನು ಹೇಳಬೇಕಿತ್ತು?

ಅಷ್ಟಕ್ಕೇ ಮುಗಿದಿದ್ದರೂ ಹೇಗೋ ನುಂಗಿಕೊಂಡಿರುತ್ತಿದ್ದೆ. ಅಜ್ಜಿ ಮೊದಲಿನಿಂದಲೂ ತನ್ನನ್ನು ಇಲ್ಲೇ ಹೂಳಬೇಕು, ಮಗ ಭಾನುವಾರ ಬಂದು ಹೂವಿಟ್ಟು ಹೋಗುವಂತಿರಬೇಕು ಎನ್ನುತ್ತಿದ್ದರು. ನನ್ನ ಆ ಒಂದು ಮಾತಿನ ಮೇಲೆ ಮನಸ್ಸು ಬದಲಾಯಿಸಿದರು. ಗಂಡ ಅಲ್ಲಿದ್ದಾನೆ, ನನಗಿಲ್ಲೇನು ಕೆಲಸ, ನನ್ನನ್ನೂ ಅಲ್ಲಿಗೇ ಕಳಿಸಿ ಎಂದು ಹಟ ಹಿಡಿದರು. ಬೂದಿ ಕದ್ದದ್ದು, ನನ್ನ ಕೈಲಿ ಕಳಿಸಿದ್ದು ಎಲ್ಲವನ್ನೂ ಮಗನಿಗೆ ಹೇಳಿ, ಅವನಿಂದ ಕಾಗದಪತ್ರ ಮಾಡಿಸಿದರು. ಅವನು ಒಂದು ದಿನ ನಮ್ಮ ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತ. ಐವತ್ತು ದಾಟಿದ ಗಂಡಸು ಮಗುವಿನ ಹಾಗೆ ಅತ್ತ.

"ನಿಮ್ಮ ಮಾತು ಕೇಳ್ತಾಳೆ. ಇಲ್ಲೇ ಇರು ಅಂತ ಹೇಳಿ. ಅಷ್ಟು ದೂರ ಕಳಿಸಿಬಿಟ್ಟು ನಾನು ಎಲ್ಲಿಗೆ ಹೋಗಿ ಅವಳನ್ನ ನೋಡ್ಲಿ?"

ನಿಜ ಹೇಳಿದ್ದರೆ ಸಾಕಿತ್ತು, ಅಜ್ಜಿ ಇಲ್ಲೇ ಉಳಿಯುತ್ತಿದ್ದರು. ಮಗನಿಗೆ ತಾಯಿ ಉಳಿಯುತ್ತಿದ್ದಳು. ಹೇಳಿಯೇಬಿಡುತ್ತೇನೆ ಎಂದು ಮಾರನೆಯ ದಿನ ಹೋದೆ. ಅಜ್ಜಿ ಹಾಸಿಗೆ ಹಿಡಿದಾಗಿತ್ತು, ಕೈ ಹಿಡಿದರೆ ಬರೀ ಮೂಳೆ. "ಅಜ್ಜಿ, ನಿಮ್ಮ ಹತ್ರ ಒಂದು ವಿಷಯ ಹೇಳಬೇಕು" ಎಂದೆ. ಅವರು ಕಣ್ಣು ಮುಚ್ಚಿಕೊಂಡೇ, ಮೊದಲು ಇದನ್ನು ಹೇಳು, ಬಲಗಡೆ ಬಿಸಿಲು ಬೀಳುತ್ತದೆಯೇ ಎಂದು ಕೇಳಿದರು.

ಬೀಳುತ್ತದೆ ಎಂದೆ. ಬೆಳಗ್ಗೆಯಿಂದ ಸಂಜೆಯವರೆಗೂ ಬೀಳುತ್ತದೆ ಎಂದೆ. ಅಜ್ಜಿ ನಕ್ಕರು. ನಾನು ಹೇಳಬೇಕಾಗಿದ್ದ ವಿಷಯ ಏನೆಂದು ಮತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಷ್ಟು ಸಂತೋಷವಾಗಿದ್ದ ಜೀವಕ್ಕೆ ಹೇಗೆ ಹೇಳುವುದು ಎಂದು ಆಗ ನನಗೆ ನಾನೇ ನೆಪ ಹೇಳಿಕೊಂಡೆ. ಸುಳ್ಳು. ಅವರು ಮುತ್ತಿಟ್ಟ ಕೈಯನ್ನು ಅವರೇ ಕೊಡವಿ ಬಿಡುವುದನ್ನು ನೋಡಲು ನನಗೆ ಧೈರ್ಯವಿರಲಿಲ್ಲ.

ಹತ್ತು ದಿನಕ್ಕೆ ಹೋದರು. ಪೆಟ್ಟಿಗೆ ವಿಮಾನದಲ್ಲಿ ಹೋಯಿತು. ಪಕ್ಕದ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ, ಬೇಲಿಯನ್ನು ಎತ್ತರಿಸಿದ್ದಾರೆ.

ನಿನ್ನೆ ಬೆಳಗ್ಗೆ ಮಗಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದೆ, ಅಜ್ಜಿಯ ಮಗನ ಮೆಸೇಜ್ ಬಂತು. ವರ್ಷದ ಪೂಜೆಗೆಂದು ಆ ಊರಿಗೆ ಹೋಗಿದ್ದಾನೆ. ಜೊತೆಗೊಂದು ಫೋಟೋ ಕಳಿಸಿದ್ದ: ಎಡಗಡೆ ಅತ್ತೆಯ ಹಳೆಯ ಕಲ್ಲು, ಬಲಗಡೆ ಅಜ್ಜಿಯ ಹೊಸ ಕಲ್ಲು, ನಡುವೆ ಎರಡು ಮೊಳ ಬರಿಯ ಮಣ್ಣು. ಗಂಡನ ಮೇಲೆ ತನ್ನ ಭಾರ ಬೀಳಬಾರದು, ಅಷ್ಟು ಜಾಗ ಬಿಟ್ಟು ಹೂಳಿ ಎಂದು ಅಜ್ಜಿಯೇ ಬರೆಸಿಟ್ಟಿದ್ದರಂತೆ. "ಅಪ್ಪನಿಗೂ ಒಂದು ದೀಪ ಇಡಬೇಕು. ನೀವು ಹಾಕಿದ ಜಾಗಕ್ಕೆ ಸರಿಯಾಗಿ ಒಂದು ಗುರುತು ಮಾಡಿ ಕಳಿಸ್ತೀರಾ?"

ನಿಜವನ್ನು ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ, ಮತ್ತೆ ಅಳಿಸಿದೆ. ಕೊನೆಗೆ ಆ ಮಣ್ಣಿನ ನಡುವೆ ಬೆರಳಿನಿಂದ ಕೆಂಪು ವೃತ್ತವೊಂದನ್ನು ಎಳೆದು ಕಳಿಸಿದೆ.

ಐದು ನಿಮಿಷಕ್ಕೆ ಇನ್ನೊಂದು ಫೋಟೋ ಬಂತು. ನಾನು ತೋರಿಸಿದ ಜಾಗದಲ್ಲೇ ದೀಪ ಉರಿಯುತ್ತಿತ್ತು. ಪಕ್ಕದಲ್ಲಿ ಅವನ ಮಂಡಿ ಕಾಣುತ್ತಿತ್ತು, ಮಣ್ಣಿಗೆ ಊರಿದ್ದ.

"ಅಜ್ಜಿ, ಅಲ್ಲಿ ಯಾರೂ ಇಲ್ಲ" ಎಂದು ಅಡುಗೆಮನೆಯಲ್ಲಿ ನಿಂತು ಬಾಯಿಬಿಟ್ಟು ಹೇಳಿದೆ. ಇಷ್ಟು ವರ್ಷದಲ್ಲಿ ಅದೇ ಮೊದಲು. ಕೇಳಿಸಿಕೊಳ್ಳಬೇಕಾದವರು ಎಲ್ಲಿದ್ದಾರೆ ಈಗ...